ನನಗೊಂದು ಕಾಯಿಲೆ ಬೇಕಾಗಿತ್ತು

ಎಲ್ಲರೂ ಡಾಕ್ಟರ ಹತ್ತಿರ ಹೋಗುವುದು "ನಿಮಗೇನೂ ಆಗಿಲ್ಲ, ಧೈರ್ಯವಾಗಿರಿ" ಅನ್ನಿಸಿಕೊಂಡು ಬರುವುದಕ್ಕೆ. ಆ ಮಾತು ಕಿವಿಗೆ ಬೀಳುತ್ತಿದ್ದ ಹಾಗೆ ಅರ್ಧ ಜ್ವರ ಅಲ್ಲೇ ಇಳಿದುಹೋಗುತ್ತದೆ, ಉಳಿದ ಅರ್ಧ ಎದುರಿನ ಟೀ ಅಂಗಡಿಯಲ್ಲಿ ಇಳಿಯುತ್ತದೆ. ನಾನು ಮಾತ್ರ ಒಂದು ಸಲ ಡಾಕ್ಟರ ಮುಂದೆ ಕೂತು, "ಏನಾದರೂ ಒಂದು ಇದ್ದೇ ಇರುತ್ತೆ ಸಾರ್, ಇನ್ನೊಂದು ಸಲ ನೋಡಿ" ಅಂತ ಗೋಗರೆದವನು. ನನಗೆ ಕಾಯಿಲೆ ಬೇಕಾಗಿತ್ತು. ಅದೂ ಬರೀ ಬಾಯಿಮಾತಿನ ಕಾಯಿಲೆಯಲ್ಲ, ಸಹಿ ಮೊಹರು ಬಿದ್ದ ಕಾಯಿಲೆ. ಅದು ಸಿಗುವ ತನಕ ನನ್ನ ಹೆಂಡತಿ ತವರುಮನೆ ಬಿಟ್ಟು ಬರುವುದಿಲ್ಲ ಅಂತ ಕೂತಿದ್ದಳು.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೇಳುವುದು ಮರೆಯುತ್ತದೆ. ನಮ್ಮೂರು ಗಡಿಯಾಚೆ, ತಮಿಳು ಸೀಮೆಯ ಹೊಸೂರಿಗೆ ಸೇರಿದ ಬೇರಿಕೆ. ನನ್ನ ಹೆಸರು ನಂಜಪ್ಪ, ದನದ ದಲ್ಲಾಳಿ. ನಮ್ಮಪ್ಪ ಊರವರ ದನ ಮೇಯಿಸಿದವನು. ನಾನು ಸಂತೆಯಲ್ಲಿ ಮೂಗುದಾರ, ಗಂಟೆ, ಗೊಂಡೆ ಮಾರುತ್ತಾ ಮಾರುತ್ತಾ, ಪಕ್ಕದಲ್ಲಿ ನಡೆಯುತ್ತಿದ್ದ ವ್ಯಾಪಾರಕ್ಕೆ ಕಿವಿಗೊಟ್ಟು ಕಲಿತು, ಯಾರ ಕೈಕಾಲೂ ಹಿಡಿಯದೆ ಮೇಲೆ ಬಂದವನು. ಎತ್ತಿನ ಹಲ್ಲು ನೋಡದೆಯೇ ನಡಿಗೆಯಲ್ಲಿ ವಯಸ್ಸು ಹೇಳುತ್ತೇನೆ. ಮಾರುವವನ ಮುಖ ನೋಡದೆಯೇ ಅವನಿಗೆ ಎಷ್ಟು ಅವಸರ ಇದೆ ಅಂತ ಹೇಳುತ್ತೇನೆ. ನೀವು ಯಾವತ್ತಾದರೂ ಏನಾದರೂ ಕೊಳ್ಳುವುದಿದ್ದರೆ ನನ್ನ ಒಂದು ಮಾತು ಇಟ್ಟುಕೊಳ್ಳಿ: ಬೇಕಾದ ವಸ್ತುವನ್ನು ನೋಡಬೇಡಿ, ಅದರ ಪಕ್ಕದ್ದನ್ನು ನೋಡಿ. ಬೇಕಾದದ್ದು ತಾನಾಗಿಯೇ ಅಗ್ಗವಾಗುತ್ತದೆ. ಎಲ್ಲಿದ್ದೆ? ಹಾಂ, ಹೆಂಡತಿ.

ನನ್ನ ಹೆಂಡತಿ ಮುನಿರತ್ನಮ್ಮ. ಜವಳಗಿರಿಯವಳು. ಆನೆ ಬಂದರೆ ತಮಟೆ ಬಡಿದು ಓಡಿಸುವ ಊರಿನ ಹೆಣ್ಣು, ಸುಲಭಕ್ಕೆ ಹೆದರುವವಳಲ್ಲ, ಸುಲಭಕ್ಕೆ ಕೋಪ ಮಾಡಿಕೊಳ್ಳುವವಳೂ ಅಲ್ಲ. ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದ್ದಾಳೆ ಅಂದ ಮೇಲೆ ನೀವೇ ಅರ್ಥ ಮಾಡಿಕೊಳ್ಳಿ. ನಾನು ಉಪ್ಪು ತರಲು ಹೋಗಿ ಹಗ್ಗ ತಂದಿದ್ದೇನೆ. ಸ್ನಾನಕ್ಕೆ ನೀರು ತೋಡಿಕೊಂಡು, ಬೀದಿಯಲ್ಲಿ ಯಾರದೋ ಹಸು ಕೂಗಿತು ಅಂತ ಮೈಮೇಲೆ ಸೋಪು ಇರುವಾಗಲೇ ಹೊರಗೆ ಬಂದಿದ್ದೇನೆ. ನಮ್ಮ ಮಗಳ ಮದುವೆಯ ಧಾರೆಯ ಹೊತ್ತಿನಲ್ಲಿ ನಾನು ಛತ್ರದ ಹಿಂದೆ ಬೀಗರ ಎತ್ತಿನ ಗೊರಸು ಎತ್ತಿ ನೋಡುತ್ತಿದ್ದೆ. ನನ್ನ ಭಾವಮೈದ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದ. ಅದನ್ನೂ ಅವಳು ಸಹಿಸಿದಳು. ಅವಳು ಸಹಿಸದೇ ಹೋದದ್ದು ರಾಯಕೋಟೆಯ ಬಸ್ ಸ್ಟ್ಯಾಂಡು.

ಆಗಿದ್ದು ಇಷ್ಟು. ರಾಯಕೋಟೆಯಲ್ಲಿ ಅವಳ ಚಿಕ್ಕಮ್ಮನ ಮನೆಯ ನಾಮಕರಣ ಮುಗಿಸಿಕೊಂಡು ಹಗಲೂಟ ಮಾಡಿ ಹೊರಟಿದ್ದೆವು. ಬಸ್ ಸ್ಟ್ಯಾಂಡಿನ ಹುಣಸೆಮರದ ಕೆಳಗೆ ಅವಳನ್ನು ಚೀಲದ ಜೊತೆ ಕೂರಿಸಿ, "ಹೊಸೂರು ಬಸ್ಸು ಯಾವಾಗ ಅಂತ ಕೇಳ್ಕೊಂಡ್ ಬತ್ತೀನಿ" ಅಂದೆ. ಎದ್ದವನು ನಾಲ್ಕು ಹೆಜ್ಜೆ ಹಾಕಿರಬೇಕು, ರಸ್ತೆಯಲ್ಲಿ ಒಬ್ಬ ರೈತ ಒಂದು ಜೋಡಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದ. ಎಡಗಡೆಯದಕ್ಕೆ ಕೊಂಬು ಎಷ್ಟು ಲಕ್ಷಣವಾಗಿತ್ತು ಅಂತೀರಿ! ಯಾವೂರು, ಎಷ್ಟು ಹಲ್ಲು, ಉಳುಮೆಗೆ ಹೇಗೆ ಅಂತ ಕೇಳುತ್ತಾ ಅವನ ಜೊತೆ ಹೊಸೂರು ದಾರಿಯಲ್ಲಿ ಮೈಲಿ ದೂರ ನಡೆದಿದ್ದೇನೆ. ಮಾತು ಮುಗಿಯುವುದಕ್ಕೂ ಹಿಂದಿನಿಂದ ಹೊಸೂರು ಬಸ್ಸು ಬರುವುದಕ್ಕೂ ಸರಿಹೋಯಿತು. ಕೈ ಅಡ್ಡ ಹಿಡಿದೆ, ಹತ್ತಿದೆ, ಸೀಟೂ ಸಿಕ್ಕಿತು. ಆ ಬಸ್ಸು ಬಸ್ ಸ್ಟ್ಯಾಂಡಿನಲ್ಲಿ ಮುನಿರತ್ನಳ ಮುಂದೆಯೇ ನಿಂತು ಬಂದಿತ್ತು. ಗಂಡ ಬರಲಿ ಅಂತ ಅವಳು ಅದನ್ನು ಬಿಟ್ಟಿದ್ದಳು.

ಹೊಸೂರಲ್ಲಿ ಬಸ್ಸು ಬದಲಾಯಿಸಿ ಬೇರಿಕೆಗೆ ಬಂದು ಮನೆಯ ಜಗಲಿ ಮೇಲೆ ಕೂತು, "ರತ್ನಾ, ಒಂದು ಚೆಂಬು ನೀರು ತಾರೇ" ಅಂತ ಕೂಗಿದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಇವಳಿಗೆ ಯಾವುದಕ್ಕೋ ಕೋಪ ಬಂದಿದೆ, ಅದಕ್ಕೇ ಮಾತಾಡುತ್ತಿಲ್ಲ ಅಂದುಕೊಂಡೆ. ಗಂಡ ಬಿಸಿಲಲ್ಲಿ ಬಂದಿದ್ದಾನೆ ಅನ್ನುವುದೂ ಬೇಡವಾ ಅಂತ ನಾನೂ ಮುಖ ಬಿಗಿದುಕೊಂಡು ಅರ್ಧ ಗಂಟೆ ಹಾಗೇ ಕೂತೆ. ಪಕ್ಕದ ಮನೆಯ ಅಕ್ಕಯ್ಯಮ್ಮ ಬಂದು, ಜೊತೇಲಿ ಹೋದವಳು ಎಲ್ಲಪ್ಪಾ, ಬಾಗಿಲಿಗೆ ಬೀಗ ಹಾಕಿದೆಯಲ್ಲಾ ಅಂತ ಕೇಳಿದ ಮೇಲೆ ತಿರುಗಿ ನೋಡಿದೆ. ಬೀಗ ನೇತಾಡುತ್ತಿತ್ತು. ಬೀಗದ ಕೈ ಮುನಿರತ್ನಳ ಸೊಂಟದಲ್ಲಿತ್ತು. ಮುನಿರತ್ನ ರಾಯಕೋಟೆಯಲ್ಲಿದ್ದಳು.

ಹೊತ್ತು ಮುಳುಗುವ ಮುಂಚೆ ಅವಳು ಬಂದಳು. ಬಾಗಿಲು ತೆಗೆದಳು, ಅಡಿಗೆ ಮಾಡಿದಳು, ಬಡಿಸಿದಳು. ಬೆಳಗ್ಗೆ ಎದ್ದು ನೋಡಿದರೆ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಳೆ. ನಮ್ಮ ಕಡೆ ಗಂಡನ್ನ ನೀನು ಅನ್ನುವವರೂ ಉಂಟು, ನೀವು ಅನ್ನುವವರೂ ಉಂಟು. ಅವಳು ಇಪ್ಪತ್ತು ವರ್ಷ ನೀವು ಅಂದವಳು. ಅವತ್ತು ಮಾತು ಶುರುವಾದದ್ದು ನೀವು ಅಂತಲೇ, ಮುಗಿಯುವ ಹೊತ್ತಿಗೆ ನಾನು ಇಳಿದುಹೋಗಿದ್ದೆ.

"ಬೇಕೂ ಅಂತ ಮಾಡಿದ್ರಾ, ಇಲ್ಲಾ ಇದೊಂದು ಕಾಯಿಲೆಯಾ? ಎರಡರಾಗೆ ಒಂದು ಹೇಳಿ" ಅಂದಳು.

ಮರೆತುಹೋಯಿತು ಅಂದೆ.

"ಮೂರು ವರ್ಸದ ಹಿಂದೆ ಮಾರಿದ ಹೋರಿಗೆ ಸುಳಿ ಎಲ್ಲಿತ್ತು ಅಂತ ನೆಪ್ಪೈತೆ ನಿನಗೆ. ಹೆಂಡ್ತಿ ಎಲ್ಲವ್ಳೆ ಅಂತ ನೆಪ್ಪಿಲ್ಲ. ಕಾಯಿಲೆ ಆದ್ರೆ ಡಾಕ್ಟ್ರತ್ರ ಬರೆಸ್ಕೊಂಡ್ ಬಾ, ಕೈಲಾದಷ್ಟು ನೋಡ್ಕೊತೀನಿ. ಕಾಯಿಲೆ ಇಲ್ಲ ಅಂದ್ರೆ ನಾನು ನಿನಗೆ ಲೆಕ್ಕಕ್ಕಿಲ್ಲ ಅಂತ ಅರ್ಥ. ಆಗ ನಾನು ಬರಾಕಿಲ್ಲ."

ಹೀಗೆ ನಾನು ಕಾಯಿಲೆ ಹುಡುಕಿಕೊಂಡು ಹೊರಟೆ. ಹದಿನೈದು ದಿನ ನಾನೇ ಬೇಯಿಸಿಕೊಂಡ ಮುದ್ದೆ ತಿಂದಿದ್ದರಿಂದ ಹೊಟ್ಟೆಯ ಕಾಯಿಲೆ ಒಂದು ಆಗಲೇ ಸಿಕ್ಕಿತ್ತು, ಆದರೆ ಅದು ಈ ಕೇಸಿಗೆ ಉಪಯೋಗಕ್ಕೆ ಬರುವಂಥದ್ದಲ್ಲ. ಆಗ ಹೊಸೂರಲ್ಲಿ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಫ್ಯಾಕ್ಟರಿಯವರಿಗೆ ಮೆಡಿಕಲ್ ಸರ್ಟಿಫಿಕೇಟು ಬರೆದು ಬರೆದು ಕೈ ಪಳಗಿದ ಒಬ್ಬ ಡಾಕ್ಟರು ಇದ್ದರು, ತಮಿಳಿನವರು. ನಮ್ಮ ಹುಡುಗರು ಎರಡು ದಿನ ರಾಗಿ ಕಟಾವಿಗೆ ನಿಂತರೆ ಅವರು ಎರಡು ದಿನದ ವಾಂತಿಭೇದಿ ಬರೆದುಕೊಡುತ್ತಿದ್ದರು. ನನ್ನ ಕೆಲಸ ಐದು ನಿಮಿಷದ್ದು ಅಂತ ನಂಬಿ ಹೋದೆ.

ವ್ಯಾಪಾರದಲ್ಲಿ ನಾನು ಯಾವತ್ತೂ ಮೊದಲು ಬಾಯಿ ಬಿಡುವವನಲ್ಲ. ಸುಮ್ಮನೆ ಕೂತೆ, ಅವರೇ ನೋಡಲಿ ಅಂತ. ಅವರು ನಾಲಗೆ ನೋಡಿದರು, ಕಣ್ಣು ನೋಡಿದರು, ತೋಳಿಗೆ ಪಟ್ಟಿ ಸುತ್ತಿ ಬುಸಬುಸ ಗಾಳಿ ಹೊಡೆದರು. ಕೊನೆಗೆ "ಉನಕ್ಕು ಒಣ್ಣುಮಿಲ್ಲೈಯಪ್ಪಾ" ಅಂದರು, ನಿನಗೇನೂ ಇಲ್ಲ ಅಂತ. ಚೆನ್ನಾಗಿ ನೋಡಿ ಸಾರ್, ಚಿಕ್ಕದಾದರೂ ಪರವಾಗಿಲ್ಲ ಅಂದೆ. ಸಕ್ಕರೆ ಇದೆಯಾ ಅಂತ ಕೇಳಿದೆ, ಇಲ್ಲ. ರಕ್ತದ ಒತ್ತಡ? ಇಲ್ಲ. ಬಿಡದೆ ಕೂತಿದ್ದನ್ನು ನೋಡಿ ಅವರು, ಬೇಕಾದರೆ ಕಣ್ಣಿಗೆ ಚಾಳೀಸು ಬಂದಿದೆ, ಅದನ್ನು ಬರೆದುಕೊಡುತ್ತೇನೆ ಅಂದರು. ಒಂದು ಕ್ಷಣ ಒಪ್ಪಿಬಿಡೋಣ ಅನ್ನಿಸಿತು. ಆಮೇಲೆ ಯೋಚಿಸಿದೆ, ಚಾಳೀಸಿನವನಿಗೆ ಪೇಪರಿನ ಅಕ್ಷರ ಕಾಣುವುದಿಲ್ಲ, ಸರಿ. ಮುನಿರತ್ನ ಅಷ್ಟು ಚಿಕ್ಕ ಅಕ್ಷರವಲ್ಲ.

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, ತಮಗೆ ಪರಿಚಯದವನೊಬ್ಬ ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಯ ಆಸ್ಪತ್ರೆಯಲ್ಲಿದ್ದಾನೆ, ಒಂದು ಕಡೆ ಗಮನ ನಿಲ್ಲದ ಮಕ್ಕಳನ್ನು ನೋಡುವುದೇ ಅವನ ಕೆಲಸ, ಹೋಗಿ ಬಾ ಅಂತ ಒಂದು ಚೀಟಿ ಬರೆದುಕೊಟ್ಟರು. ಬೆಂಗಳೂರಿನ ಆ ಆಸ್ಪತ್ರೆ ಅಂದರೆ ನಮ್ಮ ಕಡೆ ಏನು ಅರ್ಥ ಅಂತ ನಿಮಗೆ ಗೊತ್ತು. ದಲ್ಲಾಳಿಗೆ ತಲೆ ಕೆಟ್ಟಿದೆ ಅಂತ ಸುದ್ದಿಯಾದರೆ ಯಾರು ತಾನೇ ಅವನ ಮಾತಿನ ಮೇಲೆ ಎತ್ತು ಕೊಂಡಾರು? ಒಂದು ಸೀಮೆ ಹಸು ನೋಡಿಕೊಂಡು ಬರುತ್ತೇನೆ ಅಂತ ಊರಲ್ಲಿ ಹೇಳಿ ಬಸ್ಸು ಹತ್ತಿದೆ. ಸುಳ್ಳು ಹೇಳುವುದಾದರೆ ನಿಮಗೆ ಗೊತ್ತಿರುವ ವಿಷಯದಲ್ಲೇ ಹೇಳಿ, ಇದು ನನ್ನ ಇನ್ನೊಂದು ಸಲಹೆ. ಮುಂದಿನ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ.

ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂರಿಸಿದರು. ನನ್ನ ಎಡಗಡೆ ಕೂತಿದ್ದವನು ಆನೇಕಲ್ಲಿನವನು, ಅವನ ಹತ್ತಿರ ಎರಡನೇ ಸೂಲಿನ ಎಮ್ಮೆ ಇತ್ತು. ಬಲಗಡೆಯವನು ಮಾಗಡಿಯವನು, ಅವನಿಗೆ ಎಮ್ಮೆ ಬೇಕಾಗಿತ್ತು. ಇಬ್ಬರೂ ತಮ್ಮ ತಮ್ಮ ಮನೆಯ ರೋಗಿಗಳನ್ನು ಒಳಗೆ ಬಿಟ್ಟು ಬೇಜಾರಿನಲ್ಲಿ ಕೂತಿದ್ದರು. ನಾನು ಮಧ್ಯದಲ್ಲಿದ್ದೆ. ಇನ್ನೇನಾದೀತು ಹೇಳಿ? ನನ್ನ ಹೆಸರನ್ನು ಮೂರು ಸಲ ಕೂಗಿದರಂತೆ. ನಾಲ್ಕನೇ ಸಲ ಡಾಕ್ಟರೇ ಬಾಗಿಲ ತನಕ ಬಂದು ನಿಂತು, ನಾನು ಎಮ್ಮೆಯ ಹಾಲಿನ ಮೇಲೆ ಆಣೆ ಇಡುವುದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಭುಜ ಮುಟ್ಟಿದರು. ಎಳೆ ವಯಸ್ಸಿನವರು, ಮೈಸೂರಿನ ಕಡೆಯ ಮಾತು.

ಏನು ತೊಂದರೆ ಅಂತ ಕೇಳಿದರು. "ನನಗೇನೂ ತೊಂದರೆ ಇಲ್ಲ ಸಾರ್, ತೊಂದರೆ ಎಲ್ಲಾ ನನ್ನ ಹೆಂಡತಿಗೆ" ಅಂದೆ. ಅದನ್ನು ಅವರು ಬರೆದುಕೊಂಡರು. ರಾಯಕೋಟೆ ಕಥೆ ಹೇಳಿದೆ, ಅದನ್ನೂ ಬರೆದುಕೊಂಡರು. ಪಾಪ, ನಗದೆ ಇರುವುದಕ್ಕೆ ತುಂಬಾ ಕಷ್ಟಪಟ್ಟರು. ಆಮೇಲೆ ನಿಧಾನವಾಗಿ ವಿವರಿಸಿದರು. ಅಟೆನ್ಷನ್ ಡೆಫಿಸಿಟ್ ಅಂತ ಒಂದಿದೆಯಂತೆ. ಮನಸ್ಸು ಕಟ್ಟಿಹಾಕಿದ ಗೂಟಕ್ಕೆ ನಿಲ್ಲುವುದಿಲ್ಲ. ಇದು ಮಕ್ಕಳ ಕಾಯಿಲೆ, ದೊಡ್ಡವರಾದ ಮೇಲೆ ತಾನೇ ಹೋಗುತ್ತದೆ ಅಂತಲೇ ಅವರೆಲ್ಲ ಓದಿದ್ದಂತೆ. ನೀವು ಎಂಟು ವರ್ಷದ ಹುಡುಗನಾಗಿದ್ದರೆ ಈಗಲೇ ಬರೆದುಕೊಡುತ್ತಿದ್ದೆ ಅಂದರು.

ನಾನು ವ್ಯಾಪಾರಕ್ಕೆ ಕೂತೆ. ಎಂಟು ವರ್ಷದಲ್ಲಿ ನನಗಿತ್ತು ಸಾರ್, ಆಗ ನಮ್ಮೂರಲ್ಲಿ ಡಾಕ್ಟರು ಇರಲಿಲ್ಲ, ಈಗ ಹಳೇ ತಾರೀಕು ಹಾಕಿ ಕೊಡಿ ಅಂದೆ. ಆಗಲ್ಲ ಅಂದರು. ಹೋಗಲಿ, ಪೂರ್ತಿ ಬೇಡ, ಅರ್ಧ ಕೊಡಿ ಅಂದೆ. ಅದಕ್ಕೆ ಅವರು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಈಗೀಗ ಕೆಲವರು ಹಾಗೇ ಬರೆಯುತ್ತಿದ್ದಾರಂತೆ, ದೊಡ್ಡವರಾದರೂ ಕೆಲವರಲ್ಲಿ ಅದು ಸ್ವಲ್ಪ ಬಾಕಿ ಉಳಿದುಬಿಡುತ್ತದೆ ಅಂತ. ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರೂ ಇದೆಯಂತೆ. ಆ ಬಾಕಿ ಸಾಕು, ಕಟ್ಟಿಕೊಡಿ ಅಂದೆ. ಆದರೆ ಅದಕ್ಕೆ ಎರಡು ಸಾಕ್ಷಿ ಬೇಕು ಅಂದರು: ಚಿಕ್ಕಂದಿನಲ್ಲಿ ನನ್ನನ್ನು ಕಂಡವರದ್ದೊಂದು, ಈಗ ಜೊತೆಯಲ್ಲಿ ಇರುವವರದ್ದೊಂದು. ಅಂದರೆ ಹೆಂಡತಿಯನ್ನು ಕರೆದುಕೊಂಡು ಬನ್ನಿ ಅಂತ. ಅವಳು ಬರಬೇಕಾದರೆ ಚೀಟಿ ಬೇಕು, ಚೀಟಿ ಬೇಕಾದರೆ ಅವಳು ಬರಬೇಕು. ಇಂಥ ವ್ಯಾಪಾರವನ್ನು ನಾನು ದನದ ಸಂತೆಯಲ್ಲೂ ಕಂಡಿರಲಿಲ್ಲ.

ಮೊದಲನೇ ಸಾಕ್ಷಿ ಕಷ್ಟವಾಗಲಿಲ್ಲ. ನಾನು ಓದಿದ್ದು ಬೇರಿಕೆಯ ತಮಿಳು ಸ್ಕೂಲಿನಲ್ಲಿ, ನಾಲ್ಕನೇ ಕ್ಲಾಸಿನ ತನಕ. ನಮಗೆ ಪಾಠ ಹೇಳಿದ ಮೇಷ್ಟರು ರಿಟೈರಾಗಿ ಊರಲ್ಲೇ ಇದ್ದರು. ನನ್ನ ಮೇಲೆ ಏನಾದರೂ ಬರೆದುಕೊಡಿ ಅಂತ ಹೋಗಿ ನಿಂತರೆ, ಅವರು ಇದಕ್ಕೇ ಕಾಯುತ್ತಿದ್ದವರ ಹಾಗೆ ಕಾಗದದ ಎರಡು ಮಗ್ಗುಲೂ ತುಂಬುವಷ್ಟು ತಮಿಳಿನಲ್ಲಿ ಬರೆದುಕೊಟ್ಟರು. ಈ ಹುಡುಗ ಮೂರನೇ ಕ್ಲಾಸಿನಲ್ಲಿ ನೀರು ಕುಡಿದು ಬರುತ್ತೇನೆ ಅಂತ ಎದ್ದು ಹೋದವನು ಬೇಸಿಗೆ ರಜ ಮುಗಿದ ಮೇಲೆ ವಾಪಸ್ಸು ಬಂದ, ಬಂದವನು ನೀರು ಕುಡಿದೆ ಸಾರ್ ಅಂದ, ಅಂತಲೂ ಅದರಲ್ಲಿ ಇತ್ತು. ಬೈಗುಳವನ್ನು ಇಷ್ಟು ಸಂತೋಷವಾಗಿ ನಾನು ಮಡಿಸಿ ಜೇಬಿಗೆ ಇಟ್ಟುಕೊಂಡದ್ದು ಅದೊಂದೇ ಸಲ.

ಎರಡನೇ ಸಾಕ್ಷಿಗೆ ಜವಳಗಿರಿಗೆ ಹೋದೆ. ಮುನಿರತ್ನ ಅಣ್ಣನ ಮನೆಯ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ, ಚೀಟಿ ತಂದ್ರಾ ಅಂತ ಕೇಳಿದಳು. ಮತ್ತೆ ನೀವು ಅಂದಳಲ್ಲ, ಅರ್ಧ ಕೆಲಸ ಆಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಹಿಂದೆ ಅವಳ ಅಣ್ಣ ನಿಂತಿದ್ದ, ಮರ್ಯಾದೆ ಅದಕ್ಕೆ. ಚೀಟಿ ಕೊಡಬೇಕಾದರೆ ಹೆಂಡತಿಯೇ ಬಂದು ಹೇಳಬೇಕಂತೆ ಅಂದೆ. ನಾನೇನು ಹೇಳಬೇಕು ಅಂದಳು. ನಾನು ಏನೇನು ಮರೆತಿದ್ದೇನೆ, ಎಲ್ಲೆಲ್ಲಿ ಬಿಟ್ಟು ಹೋಗಿದ್ದೇನೆ, ಎಲ್ಲಾ ಅಂದೆ.

ಮೊರ ನಿಂತಿತು. "ಎಷ್ಟೊತ್ತು ಕೇಳ್ತಾರೆ?"

"ಅವರಿಗೆ ಅದೇ ಕೆಲಸ. ದಿನಾ ಕೇಳ್ತಾರೆ."

"ಮಧ್ಯದಲ್ಲಿ ಎದ್ದು ಹೋಗಾಕಿಲ್ವಾ?"

"ಇಲ್ಲ. ಬರ್ಕೊತಾರೆ ಕೂಡ."

ಮುನಿರತ್ನ ಹುರುಳಿಯನ್ನು ಡಬ್ಬಕ್ಕೆ ಸುರಿದು, ಸೆರಗು ಕೊಡವಿಕೊಂಡು ಎದ್ದಳು. "ಇಪ್ಪತ್ತು ವರ್ಸದಾಗೆ ಕೂತ್ಕೊಂಡು ಕೇಳೋನು ಒಬ್ಬ ಸಿಕ್ಕಿದ ಅಂದ್ರೆ ಬಿಟ್ಟೇನಾ? ಬತ್ತೀನಿ. ಮನೆಗಲ್ಲ, ಆಸ್ಪತ್ರೆಗೆ" ಅಂದಳು. ಅವಳ ಅಣ್ಣ ನನ್ನ ಕಡೆ ನೋಡಿ, ಭಾವ, ಬಸ್ಸಲ್ಲಿ ಅವಳ ಪಕ್ಕದಲ್ಲೇ ಕೂತ್ಕೊಳ್ಳಿ, ಕಿಟಕಿ ಕಡೆ ಬೇಡ, ಹೊರಗೆ ದನ ಕಾಣ್ತವೆ ಅಂದ. ಅವನಿಗೂ ಒಂದು ದಿನ ಬರುತ್ತೆ ಅಂದುಕೊಂಡೆ.

ಡಾಕ್ಟರ ಮುಂದೆ ಅವಳು ಹೇಳಿದ್ದನ್ನೆಲ್ಲ ಇಲ್ಲಿ ಹೇಳಲಾರೆ. ಹೇಳಲು ನನಗೆ ನಾಚಿಕೆ ಅಂತಲ್ಲ, ಅರ್ಧ ನನಗೆ ಕೇಳಿಸಲಿಲ್ಲ. ಡಾಕ್ಟರ ಮೇಜಿನ ಮೇಲೆ ಕಾಗದ ಹಾರದಂತೆ ಒಂದು ಹಿತ್ತಾಳೆ ಬಸವ ಇಟ್ಟಿದ್ದರು, ಅದಕ್ಕೆ ಇಣಿ, ಅಂದರೆ ಬೆನ್ನಿನ ಡುಬ್ಬ, ತೀರಾ ಮುಂದಕ್ಕೆ ಮಾಡಿಬಿಟ್ಟಿದ್ದರು, ನೋಡುತ್ತಾ ಕೂತೆ. ಉಳಿದ ಅರ್ಧಕ್ಕೆ ನಾನು ಮಧ್ಯೆ ಮಧ್ಯೆ ಬಾಯಿ ಹಾಕಿದೆ. ಏಳು ಸಲ ಕೊಡೆ ಕಳೆದಿದ್ದಾನೆ ಅಂತ ಅವಳು ಅಂದರೆ, ನಾನು ಐದು ಅಂದೆ. ಅವಳು ಏಳನ್ನೂ ಕಳೆದ ಊರಿನ ಹೆಸರು ಸಮೇತ ಹೇಳಿದಳು. ಡಾಕ್ಟರು ನನ್ನನ್ನು ಸುಮ್ಮನಿರಿಸಿ ಅವಳಿಗೇ ಪೂರ್ತಿ ಬಿಟ್ಟರು. ಗಡಿಯಾರ ಒಂದು ಸುತ್ತು ಬಂದಿತು. ಹೇಳಿ ಮುಗಿದಾಗ ಅವಳ ಮುಖ ನೋಡಿದೆ. ಕರು ಹಾಕಿದ ಹಸುವಿನ ಹಾಗೆ ಹಗುರವಾಗಿತ್ತು. ಇದನ್ನು ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. ಇಷ್ಟು ಗಮನ ಇಲ್ಲದವರು ದಲ್ಲಾಳಿ ಕೆಲಸ ಹೇಗೆ ಮಾಡುತ್ತೀರಿ ಅಂತ ಕೇಳಿದರು. ಈ ಪ್ರಶ್ನೆ ಯಾಕೆ ಕೇಳಿದರೋ, ಕೇಳಬಾರದಿತ್ತು. ನನ್ನ ಕೆಲಸದ ಮಾತು ಬಂದರೆ ನನಗೆ ಎದೆ ಉಬ್ಬುತ್ತದೆ. ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ ಸಾರ್, ಹೆಗಲ ಮೇಲಿನ ಟವಲ್ಲನ್ನು ಇಬ್ಬರ ಕೈ ಮೇಲೆ ಮುಚ್ಚಿ, ಒಳಗೆ ಬೆರಳು ಹಿಡಿದು ಹೇಳುತ್ತೇವೆ ಅಂದೆ. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಕೈ ಹಿಡಿದರೆ ಐದು. ಆ ಒಂದು ಅನ್ನುವುದು ಹತ್ತೋ ನೂರೋ ಸಾವಿರವೋ ಅನ್ನುವುದನ್ನು ಮಾತ್ರ ಮೊದಲೇ ಬಾಯಲ್ಲಿ ಹೇಳಿಬಿಡುತ್ತೇವೆ, ಆಮೇಲೆ ಎಲ್ಲಾ ಬೆರಳೇ. ಸುತ್ತ ನೂರು ಜನ ಕೂಗಲಿ, ಹೋರಿ ಹಗ್ಗ ಕಿತ್ತುಕೊಂಡು ಓಡಲಿ, ಟವಲ್ಲಿನ ಒಳಗೆ ನನ್ನ ಮನಸ್ಸು ಒಂದು ಎಳೆಯಷ್ಟೂ ಆಚೆ ಈಚೆ ಆಗುವುದಿಲ್ಲ.

ಡಾಕ್ಟರಿಗೆ ಆಸೆಯಾಯಿತು. ತೋರಿಸಿ ಅಂದರು. ಹೆಗಲ ಟವಲ್ಲು ತೆಗೆದು ಇಬ್ಬರ ಕೈ ಮೇಲೆ ಹಾಸಿ, ಅವರ ಮೇಜಿನ ಹಿತ್ತಾಳೆ ಬಸವನಿಗೇ ವ್ಯಾಪಾರ ಶುರುಮಾಡಿದೆ. ನರ್ಸು ಒಳಗೆ ಬಂದು ಏನೋ ಕೇಳಿ ಹೋದಳು, ಹೊರಗೆ ಯಾರೋ ಜೋರಾಗಿ ಅತ್ತರು, ಟೀ ತಂದಿಟ್ಟರು. ನಾನು ಕಣ್ಣು ಎತ್ತಲಿಲ್ಲ. ಡಾಕ್ಟರ ನಡುಬೆರಳು ಸಡಿಲವಾಗುವುದನ್ನು ಹಿಡಿದು ಒತ್ತಿ, ಬಸವನನ್ನು ಅರ್ಧ ಬೆಲೆಗೆ ಇಳಿಸಿದೆ. ಅವರು ಟವಲ್ಲಿನಿಂದ ಕೈ ತೆಗೆದು ನಗುತ್ತಾ ಬರೆಯುವುದಕ್ಕೆ ಶುರುಮಾಡಿದರು. ಇದೇ ನೋಡಿ ಗುರುತು ಅಂದರು. ಈ ತೊಂದರೆ ಇರುವವರಿಗೆ ಗಮನವೇ ಇಲ್ಲ ಅಂತಲ್ಲ, ಮನಸ್ಸಿಗೆ ಹಿಡಿಸಿದ ಕಡೆ ಅಂಟಿಕೊಂಡುಬಿಡುತ್ತದೆ, ಉಳಿದ ಕಡೆ ನಿಲ್ಲುವುದಿಲ್ಲ.

ನಾನು ಗೆದ್ದೆ ಅಂತ ಮುನಿರತ್ನಳ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು.

"ಹಂಗಂದ್ರೆ ಗಮನ ಐತೆ" ಅಂದಳು ಮೆಲ್ಲಗೆ. "ನನ್ನ ಮ್ಯಾಲಿಲ್ಲ, ಅಷ್ಟೇಯಾ."

ಹೇಳಿ ಕೇಳಿ ಇಷ್ಟು ದೂರ ಬಂದು, ಕಷ್ಟಪಟ್ಟು ಒಂದು ಕಾಯಿಲೆ ಸಂಪಾದಿಸಿದರೆ ಅದು ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಡಾಕ್ಟರ ಕಡೆ ನೋಡಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಬೇಕೂ ಅಂತ ಮಾಡಿದ್ದಲ್ಲ ಅಂತ ಮಾತ್ರ ನಾನು ಬರೆದುಕೊಡಬಲ್ಲೆ ಕಣಮ್ಮ. ಉಳಿದದ್ದು ಚೀಟಿಯಲ್ಲಿ ಬರೆಯೋಕೆ ಬರಲ್ಲ" ಅಂದರು. ಇವಳು ಈಗ ಎದ್ದು ಜವಳಗಿರಿ ಬಸ್ಸು ಹತ್ತಿದರೆ ಮತ್ತೆ ಕರೆಯುವುದಕ್ಕೆ ನನ್ನ ಹತ್ತಿರ ಇನ್ನು ಯಾವ ಕಾಯಿಲೆಯೂ ಉಳಿದಿರಲಿಲ್ಲ.

ಅವಳು ಎದ್ದಳು, ಆದರೆ ಬಾಗಿಲ ಕಡೆ ಹೋಗಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಟವಲ್ಲು ತೆಗೆದುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಬಲಗೈ ಎಳೆದುಕೊಂಡು, ಅದರ ಮೇಲೆ ಟವಲ್ಲು ಹಾಸಿ, ತನ್ನ ಕೈಯನ್ನು ಒಳಗೆ ತೂರಿಸಿದಳು. ನಮ್ಮ ಮಾವ ದೊಡ್ಡ ಹೋರಿ ಸಾಕಿದವರು, ಮಗಳಿಗೆ ಬೆರಳ ಭಾಷೆ ಬರುತ್ತಿತ್ತು ಅಂತ ಇಪ್ಪತ್ತು ವರ್ಷ ನನಗೆ ಗೊತ್ತಿರಲಿಲ್ಲ. ಏನೋ ಒಂದು ಮಾತು ಹೇಳಿ ನನ್ನ ಪೂರ್ತಿ ಕೈ ಹಿಡಿದಳು. ಐದು. ನನ್ನ ಜೀವವೆಲ್ಲ ಬೆರಳಿಗೆ ಬಂತು. ಒಂದಕ್ಕೆ ಒತ್ತಿದೆ. ಅವಳು ಕೈ ಕೊಡವಿ ಮತ್ತೆ ಐದೇ ಹಿಡಿದಳು. ಒರಟು ಅಂಗೈ, ಒಲೆ, ಕುಡುಗೋಲು, ಹಗ್ಗ ಎಲ್ಲಾ ಅದರಲ್ಲಿತ್ತು. ಇಷ್ಟು ದಿನ ಈ ಕೈಯ ಅಡಿಗೆ ಉಂಡಿದ್ದೇನೆ, ಈ ಕೈ ಹೀಗಿದೆ ಅಂತ ನೋಡಿರಲಿಲ್ಲ. ಎರಡಕ್ಕೆ ಬಂದೆ. ಅವಳು ನಾಲ್ಕಕ್ಕೆ ಇಳಿದಳು. ಕಿರುಬೆರಳು ಸ್ವಲ್ಪ ನಡುಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ನಡುಕದ ಮೇಲೇ ಇನ್ನೊಂದು ಇಳಿಸುತ್ತಿದ್ದೆ. ಇಳಿಸಲಿಲ್ಲ. ನಾನೇ ಮೂರು ಹಿಡಿದೆ. ಅವಳು ಒಂದು ಗಳಿಗೆ ತಡೆದು, ಆಯಿತು ಅಂತ ಒತ್ತಿದಳು. ಕೈ ತೆಗೆದು, ಟವಲ್ಲು ಕೊಡವಿ, ಮಡಿಸಿ ನನ್ನ ಹೆಗಲ ಮೇಲೆ ಹಾಕಿ, "ನಡೀರಿ, ಮನೆಗೋಗಾಣ" ಅಂದಳು. ಚೀಟಿಯನ್ನು ಡಾಕ್ಟರ ಕೈಯಿಂದ ತಾನೇ ಇಸಕೊಂಡು ಕುಪ್ಪಸದೊಳಗೆ ಇಟ್ಟುಕೊಂಡಳು. ಇವತ್ತಿಗೂ ಅದು ಅವಳ ಟ್ರಂಕಿನಲ್ಲಿದೆ.

ನನಗೆ ಖುಷಿಯೋ ಖುಷಿ. ಅತ್ತಿಬೆಲೆ ದಾಟುವ ತನಕ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಿದ್ದೆ. ಐದರಿಂದ ಮೂರಕ್ಕೆ ಇಳಿಸಿದ್ದೇನೆ, ಸಾಮಾನ್ಯವಾ? ಆಮೇಲೆ ಹೊಸೂರು ಕಾಣಿಸುವ ಹೊತ್ತಿಗೆ ಬೆರಳು ಎಣಿಸುವುದು ನಿಲ್ಲಿಸಿದೆ. ಮೂರು ಸರಿ. ಮೂರು ಏನು? ಟವಲ್ಲು ಹಾಸುವಾಗ ಅವಳು ಬಾಯಲ್ಲಿ ಹೇಳಿದ್ದಳಲ್ಲ, ಯಾವುದರ ಲೆಕ್ಕ ಅಂತ. ಅವಳ ಕೈ ತಾಗುತ್ತಿದ್ದ ಹಾಗೆ ನನ್ನ ಗಮನವೆಲ್ಲ ಬೆರಳಿಗೆ ಓಡಿಹೋಗಿತ್ತು, ಆ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಯಾವ ಹಸುಗೂಸು ಕೂಡ ಮಾಡದ ತಪ್ಪು. ಸರಕು ಏನು ಅಂತ ತಿಳಿಯದೆ ಬೆಲೆ ಮುಗಿಸಬೇಡಿ ಅಂತ ಬೇರಿಕೆ ಸಂತೆಯಲ್ಲಿ ಬಿಟ್ಟಿ ಉಪದೇಶ ಮಾಡುತ್ತಾ ಬಂದವನು ನಾನು. ಪಕ್ಕದಲ್ಲೇ ಕೂತಿದ್ದಾಳೆ, ಕೇಳಿಬಿಡಬಹುದು. ಕೇಳಿದರೆ, ಆಗಲೂ ನನ್ನ ಮಾತು ಕೇಳಿಸಿಕೊಳ್ಳಲಿಲ್ಲವಾ ಅಂತಾಳೆ. ಬಸ್ಸಿನಿಂದ ಇಳಿದರೆ ಜವಳಗಿರಿಗೆ ಹೋಗುವ ಬಸ್ಸು ಎದುರಿಗೇ ನಿಂತಿರುತ್ತದೆ. ಸುಮ್ಮನಾದೆ.

ತಿಂಗಳು ಬಿಟ್ಟು, ಮಾತ್ರೆ ಏನಾದರೂ ಇದೆಯಾ ಕೇಳುವ ನೆಪದಲ್ಲಿ ಒಬ್ಬನೇ ಆ ಡಾಕ್ಟರ ಹತ್ತಿರ ಹೋದೆ. ಅವರು ಎದುರಿಗೇ ಕೂತಿದ್ದರು, ಬರೆದುಕೊಳ್ಳುವ ಅಭ್ಯಾಸ ಬೇರೆ. ಅವತ್ತು ನನ್ನ ಹೆಂಡತಿ ಟವಲ್ಲು ಹಾಸುವಾಗ ಏನಂದಳು ಸಾರ್ ಅಂತ ಕೇಳಿದೆ. ಡಾಕ್ಟರು ಫೈಲು ತೆಗೆದು ನೋಡಿದರು, ತಿರುಗಿಸಿ ನೋಡಿದರು, ಆಮೇಲೆ ಕತ್ತು ಕೆರೆದುಕೊಂಡು, "ನಾನೂ ಕೇಳಿಸ್ಕೊಳ್ಳಲಿಲ್ಲ ನಂಜಪ್ಪನವರೇ, ನಾನು ಟವಲ್ಲನ್ನೇ ನೋಡ್ತಾ ಇದ್ದೆ" ಅಂದರು.

ಆವತ್ತಿನಿಂದ ಮುನಿರತ್ನ ನನ್ನ ಮನೆಯಲ್ಲಿ ಸುಖವಾಗಿದ್ದಾಳೆ. ತಿಂಗಳಿಗೊಂದು ಸಲ ಕೃಷ್ಣಗಿರಿಯ ಮಗಳ ಮನೆಗೆ ಕರೆದುಕೊಂಡು ಹೋಗಬೇಕು ಅಂದಳು, ಆ ಮೂರರಲ್ಲಿ ಒಂದು ಅಂದಳು, ಹೋದೆ. ಹಿತ್ತಿಲಿಗೆ ಕಲ್ಲು ಹಾಸಿಸಬೇಕು ಅಂದಳು, ಅದೂ ಆ ಮೂರರಲ್ಲೇ ಇತ್ತಂತೆ. ಅವಳ ಅಣ್ಣನಿಗೆ ಒಂದು ಜೋಡಿ ಎತ್ತು ದಲ್ಲಾಳಿ ಕಾಸು ತೆಗೆದುಕೊಳ್ಳದೆ ಕೊಡಿಸಿದ್ದೂ ಆ ಮೂರರಲ್ಲೇ. ಹೊಲಿಗೆ ಮಿಷನ್ನು, ಮುಂಬಾಗಿಲಿಗೆ ಬಣ್ಣ, ಊಟ ಮಾಡುವಾಗ ಸಂತೆಯ ಸುದ್ದಿ ಎತ್ತಬಾರದು ಅನ್ನುವುದು, ಎಲ್ಲವೂ ಆ ಮೂರರಲ್ಲಿ ಸೇರುತ್ತಾ ಬಂದಿವೆ. ಪ್ರತಿ ಸಲ ಅವಳು ಆ ಮೂರು ಅನ್ನುತ್ತಿದ್ದ ಹಾಗೆ ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ, ಬಾಯಿ ತಪ್ಪಿ ಇವತ್ತಾದರೂ ಅದು ಏನು ಅಂತ ಹೇಳಿಯಾಳು ಅಂತ. ಹಾಗೆ ಕಾಯುತ್ತಾ ಅವಳ ಮಾತನ್ನು ಒಂದಕ್ಷರ ಬಿಡದೆ ಕೇಳುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಮೂರು ಈಗ ಹನ್ನೊಂದಾಗಿದೆ. ಹನ್ನೆರಡೂ ಇರಬಹುದು, ಒಂಬತ್ತನೆಯದನ್ನು ಅವಳು ಹೇಳುವಾಗ ಬೀದಿಯಲ್ಲಿ ಒಂದು ಕಂದು ಹೋರಿ ಹೋಗುತ್ತಿತ್ತು.